ಮುರುಗಲ ನೀರಿಗೆ ಹಾಕಿದ ಜೋಡಿ ಕಾರ್ಬೊರೇಟರ್

ಶಿರಾಲಿಯ ಹೆದ್ದಾರಿ ಬದಿಯಲ್ಲಿ ಗ್ಯಾರೇಜು ಇಟ್ಟಿರುವ ದಿನಕರನನ್ನು ಯಾರಾದರೂ ಎದುರಿಗೆ ಹೊಗಳಿದರೆ ಅವನು ಅಲ್ಲಿ ನಿಲ್ಲುವುದಿಲ್ಲ. ಕೈ ತೊಳೆಯುವ ನೆಪದಲ್ಲಿ ಹಿಂದಿನ ಬಾವಿಕಟ್ಟೆಗೆ ಹೋಗಿಬಿಡುತ್ತಾನೆ. ಮೊದಲು ಹೀಗಿರಲಿಲ್ಲ. ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಹಳೆಯ ಬೈಕು ಇಟ್ಟುಕೊಂಡವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಇಂಜಿನ್ನಿಗೆ ಕಿವಿಗೊಟ್ಟು, "ಎಡಗಡೆದಕ್ಕೆ ಗಾಳಿ ಹೆಚ್ಚಾತು" ಎಂದು ಹೇಳಿ, ಸುತ್ತ ನಿಂತವರ ಮುಖ ನೋಡುವುದು ಅವನಿಗೆ ಬಲು ಇಷ್ಟವಾಗಿತ್ತು.

ಕಳೆದ ವರ್ಷ ಬೇಸಿಗೆಯ ಕೊನೆಗೆ ಭಟ್ಕಳ ಬಂದರಿನ ದಾಸ ಒಂದು ಬೈಕನ್ನು ಟೆಂಪೊದಲ್ಲಿ ಹೇರಿಕೊಂಡು ಬಂದ. ಬೈಕು ಅವನದಲ್ಲ, ಅಣ್ಣ ಬೀರಪ್ಪನದು. ಬೀರಪ್ಪ ರತ್ನಾಗಿರಿ ಕಡೆಯ ಬೋಟಿನಲ್ಲಿ ದುಡಿಯುವವನು. ಹೋಗುವಾಗ, "ಇದನ್ನ ನೋಡ್ಕ" ಎಂದು ತಮ್ಮನಿಗೆ ಒಪ್ಪಿಸಿ ಹೋಗಿದ್ದ. ದಾಸ ಅದನ್ನು ಬಲೆ ಇಡುವ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ. ಮಳೆಗಾಲಕ್ಕೆ ಮೀನುಗಾರಿಕೆ ನಿಂತ ಕೂಡಲೇ ಅಣ್ಣ ಊರಿಗೆ ಬರುತ್ತಾನೆ, ಅಷ್ಟರೊಳಗೆ ಬೈಕು ಓಡಬೇಕು.

ದಿನಕರ ಕೆಲಸಕ್ಕೆ ಇಳಿದ. ಗಾಳಿ ಸೋಸುವ ಡಬ್ಬಿಯೊಳಗೆ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಸ್ಪಂಜು ಮುಟ್ಟಿದರೆ ಪುಡಿಯಾಗುತ್ತಿತ್ತು. ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರು ಸೀಳಿತ್ತು. ಎರಡು ಸಿಲಿಂಡರಿನ ಗಾಡಿಯಾದ್ದರಿಂದ ಪೆಟ್ರೋಲು ಮತ್ತು ಗಾಳಿ ಬೆರೆಸುವ ಕಾರ್ಬೊರೇಟರೂ ಎರಡು. ಎರಡರ ಅಲ್ಯುಮಿನಿಯಂ ಮೈಯ ಮೇಲೂ ಬಿಳಿಯ ಉಪ್ಪು ಹೆಪ್ಪುಗಟ್ಟಿತ್ತು, ಆದರೆ ಒಳಗಿನ ಗಂಟಲು ನುಣುಪಾಗಿಯೇ ಇತ್ತು.

ಕಾರ್ಬೊರೇಟರಿನೊಳಗೆ ಪೆಟ್ರೋಲು ಹಾಯುವ ಸಣ್ಣ ಹಿತ್ತಾಳೆ ಜೆಟ್ಟುಗಳನ್ನು ಅವನು ಯಾವಾಗಲೂ ಮುರುಗಲ ಹಣ್ಣಿನ ಹುಳಿ ಸಿಪ್ಪೆ ನೆನೆಸಿದ ನೀರಿಗೆ ಹಾಕುತ್ತಿದ್ದ. ಹೆಂಡತಿ ವಿನುತಾ ದೇವರ ಹಿತ್ತಾಳೆ ದೀಪ ತಿಕ್ಕಲು ಇಟ್ಟುಕೊಂಡ ನೀರು ಅದು. ಆ ಹುಳಿಗೆ ಹಿತ್ತಾಳೆ ಬಂಗಾರದ ಹಾಗೆ ಹೊಳೆಯುತ್ತದೆ. ಅಂದು ಬ್ರಶ್ಶಿನಿಂದ ಎಷ್ಟು ತಿಕ್ಕಿದರೂ ಕಾರ್ಬೊರೇಟರಿನ ಮೈಯ ಉಪ್ಪು ಏಳಲಿಲ್ಲ. ಅವನಿಗೆ ತಾಳ್ಮೆ ತಪ್ಪಿತು. ಮುರುಗಲ ನೀರನ್ನು ಕುದಿಸಿ, ಎರಡು ಕಾರ್ಬೊರೇಟರುಗಳನ್ನೂ ಇಡಿಯಾಗಿ ಅದರಲ್ಲಿ ಮುಳುಗಿಸಿ, ರಬ್ಬರು ಮತ್ತು ಸ್ಪಂಜು ತರಲು ಭಟ್ಕಳಕ್ಕೆ ಹೋದ. ಅಲ್ಲಿ ಸಿಕ್ಕ ನೆಂಟರ ಮಾತಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸಂಜೆ ಬಂದು ಎತ್ತಿದರೆ ಎರಡೂ ಕಪ್ಪಾಗಿದ್ದವು. ನುಣುಪಾಗಿದ್ದ ಗಂಟಲಿನಲ್ಲಿ ಸಿಡುಬಿನ ಕಲೆಯಂತೆ ಗುಳಿಗಳು ಬಿದ್ದಿದ್ದವು. ಇನ್ನು ಅವು ಯಾವ ಕೆಲಸಕ್ಕೂ ಬಾರವು.

ವಿನುತಾ ಬಗ್ಗಿ ನೋಡಿದಳು. "ಅಲ್ಲಾ, ಅಲ್ಯುಮಿನಿ ಪಾತ್ರೆಗೆ ಯಾರಾದ್ರೂ ಹುಳಿ ಹಾಕ್ತಾರಾ? ನನ್ನ ಕೇಳೂಕೆ ಎಂತ ಆಗಿತ್ತು ನಿಮಗೆ?"

"ಸುಮ್ನಿರು" ಎಂದನು ದಿನಕರ.

ಮರುದಿನ ದಾಸ ಬಂದಾಗ ದಿನಕರ ಆ ಎರಡನ್ನೂ ಅವನ ಕೈಗೆ ಕೊಟ್ಟು ಹೇಳಿದ: "ಉಪ್ಪು ತಿಂದುಬಿಟ್ಟದೆ ಮಾರಾಯ. ಬಂದರದ ಶೆಡ್ಡಲ್ಲಿ ಇಟ್ರೆ ಇನ್ನೆಂತ ಆಗ್ತದೆ?"

ಸಮುದ್ರದ ಉಪ್ಪುಗಾಳಿಯ ಮೇಲೆ ಹಾಕಿದ ತಪ್ಪನ್ನು ಈ ಕರಾವಳಿಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಮನೆಯ ಕಿಟಕಿ ಸರಳನ್ನೇ ತಿನ್ನುವ ಗಾಳಿ ಅದು. ದಾಸ ಗುಳಿಗಳ ಮೇಲೆ ಬೆರಳಾಡಿಸಿದ. "ಹೌದು, ನಂದೇ ತಪ್ಪು. ಅಣ್ಣಂಗೆ ಎಂತ ಹೇಳೂದು ಈಗ?" ಎಂದವನು ಎರಡು ದಿನ ಬಿಟ್ಟು ಒಂದು ಇಡೀ ಇಸ್ವಾಣ ಮೀನನ್ನು ತಂದು ಕೊಟ್ಟ. "ಹೆಂಗಾದ್ರೂ ಮಾಡಿ ಓಡುವಂಗೆ ಮಾಡು ದಿನಕರಣ್ಣ. ನನ್ನಿಂದ ನಿಂಗೂ ತಾಪತ್ರಯ ಆತು."

ವಿನುತಾ ಅದನ್ನು ಹುರಿದು ಬಡಿಸಿದಳು. ತಾನು ಮುಟ್ಟಲಿಲ್ಲ. ದಿನಕರ ತಿಂದ.

ಬೀರಪ್ಪ ಊರಿಗೆ ಬಂದವನು ಮೊದಲ ಮಳೆಯಲ್ಲೇ ತಮ್ಮನೊಂದಿಗೆ ಗ್ಯಾರೇಜಿಗೆ ಬಂದ. ಮಳೆಗೆ ನಿಂತ ಮೂರು ನಾಲ್ಕು ಜನ ಅಲ್ಲಿದ್ದರು. ಕಪ್ಪಾದ ಕಾರ್ಬೊರೇಟರನ್ನು ಎತ್ತಿ ಹಿಡಿದು ಅವನು ತಮ್ಮನತ್ತ ತಿರುಗಿದ. "ಎಂತ ದಾಸ, ಇದ್ರಲ್ಲಿ ಸೀಗಡಿ ಒಣಗಿಸಿದ್ಯಾ? ಒಂದು ಗಾಡಿ ನೋಡ್ಕಂಬುಕೆ ಆಗದವನು ನಾಳೆ ಹೆಂಡತಿನ ನೋಡ್ಕಂಬವನಾ?"

ಎಲ್ಲರೂ ನಕ್ಕರು. ದಾಸನೂ ನಗಲು ಹೋದ, ಆಗಲಿಲ್ಲ. "ತಪ್ಪಾತು ಅಣ್ಣ" ಎಂದು ಲುಂಗಿಯ ತುದಿ ಹಿಂಡುತ್ತ ನಿಂತ. ದಿನಕರನ ಕೈಯಲ್ಲಿ ಹೊಸ ರಬ್ಬರು ಇತ್ತು. ಅದನ್ನು ಅವನು ಒಮ್ಮೆ ಮೇಜಿನ ಮೇಲಿಟ್ಟ, ಮತ್ತೆ ಎತ್ತಿಕೊಂಡ.

"ಬೀರಪ್ಪಣ್ಣ, ಅವನಿಗೆ ಬೈಬೇಡ. ಉಪ್ಪು ತಿಂದದ್ದಲ್ಲ ಅದು. ನಾನು ಹುಳಿನೀರಿಗೆ ಹಾಕಿ ಹಾಳು ಮಾಡಿದ್ದು."

ಬೀರಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ದಾಸ, ಮೆಲ್ಲಗೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ:

"ಇಸ್ವಾಣ ಹೆಂಗಿತ್ತು ದಿನಕರಣ್ಣ?"

ದಿನಕರ ಕೈ ತೊಳೆಯಲೆಂದು ಹಿಂದಿನ ಬಾವಿಕಟ್ಟೆಗೆ ಹೋದ.

ಆಮೇಲೆ ಅವನು ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಗಳನ್ನು ಜಾಲಾಡಿ ಬೇರೆ ಜೋಡಿ ತಂದು ಕೂರಿಸಿದ. ಎರಡೂ ಒಂದೇ ಸಮ ಉಸಿರಾಡುವವರೆಗೆ ಸ್ಕ್ರೂ ತಿರುಗಿಸಿ ತಿರುಗಿಸಿ ಕಿವಿಗೊಟ್ಟ. ಬೈಕು ಈಗ ಚೆನ್ನಾಗಿ ಓಡುತ್ತದೆ. ಬೀರಪ್ಪ ಊರಿಗೆ ಬಂದಾಗಲೆಲ್ಲ ಅದನ್ನು ದಿನಕರನ ಹತ್ತಿರವೇ ತರುತ್ತಾನೆ, ಅಂದಿನ ಮಾತು ಎತ್ತುವುದಿಲ್ಲ. ಹಿಂದೆ ಕೂತು ಬರುವ ದಾಸ ಮಾತ್ರ ಗ್ಯಾರೇಜಿನ ಒಳಗೆ ಕಾಲಿಡುವುದಿಲ್ಲ. ರಸ್ತೆಯಾಚೆಯ ಚಾ ಅಂಗಡಿಯ ಬೆಂಚಿನಲ್ಲಿ ಬೆನ್ನು ಹಾಕಿ ಕೂರುತ್ತಾನೆ. ದಿನಕರ ಇಂಜಿನ್ನಿಗೆ ಕಿವಿಗೊಟ್ಟು ಬಗ್ಗಿರುತ್ತಾನೆ. ಯಾವ ಕಡೆಗೆ ಗಾಳಿ ಹೆಚ್ಚಾಯಿತೆಂದು ಈಗ ಗಟ್ಟಿಯಾಗಿ ಹೇಳುವುದಿಲ್ಲ.