ಹೊಗೆಯಿಲ್ಲದ ಹಡಗಿನ ಮೊದಲ ಫೋಟೋ

ನಮ್ಮಣ್ಣ ಗ್ಯಾಸ್ ಒಲೆ ರಿಪೇರಿ ಮಾಡುವವನು. ಬಂದರಿನ ಬೀದಿಯಲ್ಲಿ ಅವನ ಅಂಗಡಿ. ಒಂದು ಗೋಡೆಗೆ ಬರ್ನರುಗಳು, ಉಳಿದ ಮೂರಕ್ಕೂ ಹಡಗಿನ ಫೋಟೋಗಳು. ಮೂವತ್ತು ವರ್ಷದಿಂದ ಈ ಕೊಲ್ಲಿ ದಾಟುವ ಪ್ರತಿಯೊಂದು ಪ್ರಯಾಣಿಕರ ಹಡಗನ್ನೂ ಅದು ಮೊದಲ ಸಲ ಬಂದ ದಿನವೇ ಹಿಡಿದಿಟ್ಟಿದ್ದಾನೆ. ಅತ್ತಿಗೆ ಬದುಕಿದ್ದಾಗ, "ಮದುವೆ ಫೋಟೋ ಒಂದೂ ನೆಟ್ಟಗಿಲ್ಲ, ಹಡಗಿಂದಾದ್ರೆ ಸಾವಿರ" ಎಂದು ಮೂತಿ ತಿರುವುತ್ತಿದ್ದಳು. ನಾನು ಅವನ ತಂಗಿ. ಕ್ಯಾಮೆರಾ ಸ್ಟ್ಯಾಂಡು ಹೊರುವ ಕರ್ಮ ಈಗ ನನ್ನದು.

ಭಾನುವಾರ ಬೆಳಿಗ್ಗೆ ಬಂದರಿನ ಕಟ್ಟೆಯ ಮೇಲೆ ಅವನಂಥವರೇ ನಾಲ್ಕೈದು ಜನ ಸೇರುತ್ತಾರೆ. ನಿವೃತ್ತ ಪೋಸ್ಟ್‌ಮ್ಯಾನ್, ಹಲ್ಲಿನ ಡಾಕ್ಟರು, ಇನ್ನೂ ಒಂದಿಬ್ಬರು ಕೆಲಸವಿಲ್ಲದವರು. ಇವರದೊಂದು ಕಟ್ಟುನಿಟ್ಟಿನ ನಿಯಮವಿದೆ: ಚಿತ್ರದಲ್ಲಿ ಹಡಗು ಮಾತ್ರ ಇರಬೇಕು. ಕಂಬಿಗೆ ಒರಗಿದ ಒಂದು ತಲೆ ಬಿದ್ದರೂ ಅದು ಕೆಟ್ಟ ಚಿತ್ರ. ಮನುಷ್ಯರನ್ನು ಕಂಡರೆ ಇಷ್ಟೊಂದು ಅಸಹನೆ ಯಾಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಹೋದ ವರ್ಷವಿಡೀ ಅವರ ಚರ್ಚೆ ಗ್ಯಾಸಿನಿಂದ ಓಡುವ ಹೊಸ ಹಡಗಿನದು. ಗ್ಯಾಸನ್ನು ನೀರಿನಂತಾಗುವವರೆಗೆ ತಣಿಸಿ ಟ್ಯಾಂಕಿಗೆ ತುಂಬುತ್ತಾರಂತೆ, ಚಿಮಣಿಗೆ ಮಸಿಯೇ ಹಿಡಿಯುವುದಿಲ್ಲವಂತೆ ಎಂದು ಡಾಕ್ಟರು ಬಾಯಿತುಂಬ ಹೊಗಳುತ್ತಿದ್ದರು. ಅಣ್ಣನದು ಒಂದೇ ಹಟ. "ಗ್ಯಾಸ್ ಏನಿದ್ರೂ ಒಲೆಗೆ ಸರಿ. ಹೊಗೆ ಬಿಡದೇ ಇರೋದನ್ನ ಹಡಗು ಅಂತ ಹೇಗನ್ನೋದು?"

ಇದೇ ಮಾತನ್ನು ಊಟಕ್ಕೆ ಕೂತಾಗ ಮಗಳ ಮುಂದೆಯೂ ಆಡಿಬಿಟ್ಟ. ಅದೇ ಹಡಗಿನ ಎಂಜಿನ್ ಕೋಣೆಗೆ ತಾನು ಆಯ್ಕೆಯಾಗಿದ್ದೇನೆಂದು ಅವಳು ಆಗಷ್ಟೇ ಹೇಳಿ ಮುಗಿಸಿದ್ದಳು. ಅರ್ಧ ಊಟಕ್ಕೇ ಎದ್ದಳು. ಎಂಟು ತಿಂಗಳು ಆಚೆ ದಡದ ಹಾಸ್ಟೆಲಿನಲ್ಲೇ ಇದ್ದಳು. ಫೋನು ಮಾಡಿದರೆ ನನಗೆ, ಅಪ್ಪನಿಗಲ್ಲ.

ತಪ್ಪಾಯಿತು ಎನ್ನುವುದು ನಮ್ಮಣ್ಣನ ಜಾಯಮಾನದಲ್ಲೇ ಇಲ್ಲ. "ಅದರ ಮೊದಲ ಫೋಟೋ ಒಂದು ಸರಿಯಾಗಿ ಬಂದ್ರೆ ಸಾಕು ಕಣೇ," ಎಂದ. "ದೊಡ್ಡದು ಮಾಡಿಸಿ ಅವಳ ಕೈಗೆ ಕೊಡ್ತೀನಿ. ಆಮೇಲೆ ನಾನು ಬಾಯಿ ಬಿಡೋ ಅಗತ್ಯ ಇರಲ್ಲ." ಹಡಗು ಬಂದರಿಗೆ ಬರುವ ಹೊತ್ತಿಗೆ ತಾನು ಕೆಳಗೆ ಎಂಜಿನ್ನಿನ ಹತ್ತಿರ ಇರುತ್ತೇನೆ, ಮೇಲೆ ಬರುವ ಹಾಗಿಲ್ಲ ಎಂದು ಅವಳು ನನಗೆ ಮೊದಲೇ ಹೇಳಿದ್ದಳು. ಅದನ್ನು ಅವನಿಗೂ ತಿಳಿಸಿದ್ದೆ.

ಅದು ಮೊದಲ ಸಲ ಬಂದ ಬೆಳಿಗ್ಗೆ ನೀರು ಯಾವುದು, ಆಕಾಶ ಯಾವುದು ಗೊತ್ತಾಗದಷ್ಟು ಮಂಜು. ಗೆಳೆಯರೆಲ್ಲ ಕಟ್ಟೆಯ ತುದಿಗೆ ಹೋಗಿ ಮಂಜಿನೊಳಗೇ ಮುಳುಗಿಹೋದರು. ನಾವಿಬ್ಬರು ಮೆಟ್ಟಿಲ ಹತ್ತಿರ ನಿಂತೆವು. ಅಣ್ಣ ಅಭ್ಯಾಸದಂತೆ ಮೇಲೆ ಹೊಗೆ ಹುಡುಕುತ್ತಿದ್ದ. ಹೊಗೆಯೆಲ್ಲಿ ಬಂತು? ಮಂಜೇ ಒಂದು ಕಡೆ ಸ್ವಲ್ಪ ಗಟ್ಟಿಯಾದಂತೆ, ಆಮೇಲೆ ಅದಕ್ಕೆ ಕಿಟಕಿಗಳು ಮೂಡಿದಂತೆ, ಬಿಳೀ ಹಡಗು ನಮ್ಮ ಮುಂದಿತ್ತು. ಸದ್ದು ಎಂದರೆ ನೀರು ಸರಿಯುವ ಸದ್ದಷ್ಟೇ. ಅಣ್ಣ ಮೆಲ್ಲಗೆ, "ಚೆನ್ನಾಗಿದೆಯಲ್ಲೇ," ಎಂದ. ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಕಣ್ಣು ತುಂಬಿತು.

ಅಷ್ಟರಲ್ಲಿ ಡೆಕ್ಕಿನ ಕಂಬಿಯ ಹತ್ತಿರ ಹೆಲ್ಮೆಟ್ಟು ಹಾಕಿದ, ಕಿತ್ತಳೆ ಬಣ್ಣದ ಅಂಗಿಯ ಆಳೊಂದು ಬಂದು ನಿಂತಿತು.

"ಯಾವನೋ ಇವನು, ಈಗಲೇ ಬರಬೇಕಿತ್ತಾ," ಎಂದು ಗೊಣಗಿದ ಅಣ್ಣ, ಆಚೆಗೆ ಸರಿ ಎಂದು ತೋಳೆತ್ತಿ ಜೋರಾಗಿ ಬೀಸಿದ. ಆಳು ಅಲ್ಲಾಡಲಿಲ್ಲ. ಮತ್ತೊಮ್ಮೆ ಬೀಸಿದ. ಆ ಕಡೆಯಿಂದಲೂ ಒಂದು ಕೈ ಮೇಲೆದ್ದಿತು, ಆಮೇಲೆ ಡೆಕ್ಕು ಖಾಲಿಯಾಯಿತು. ಅಣ್ಣ ಚಿತ್ರ ತೆಗೆದ. ಅವನು ತೆಗೆದ ಸಾವಿರದಲ್ಲಿ ಅಂಥದ್ದು ಇನ್ನೊಂದಿಲ್ಲ. ತುದಿಗೆ ಹೋದವರಿಗೆ ಬರೀ ಮಂಜು ಸಿಕ್ಕಿತ್ತು.

ಸಂಜೆ ಅಂಗಡಿಯಲ್ಲಿ ಅವನು ಅದನ್ನೇ ನೋಡುತ್ತ ಕೂತಿದ್ದಾಗ ಫೋನು ಬಂತು. ಎಂಟು ತಿಂಗಳಾದ ಮೇಲೆ ಅವನ ಫೋನಿಗೇ. ಸ್ಪೀಕರಿನಲ್ಲಿ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ಅಪ್ಪಾ, ಚೀಫ್ ಎಂಜಿನಿಯರ್ ಎರಡು ನಿಮಿಷ ಮೇಲೆ ಹೋಗು ಅಂದ್ರು. ನೀನು ಕೈ ಬೀಸಿದ್ದು ಕಾಣಿಸ್ತು. ಅದೂ ಎರಡು ಸಲ." "ಆ ಹೆಲ್ಮೆಟ್ಟಲ್ಲೂ ಗುರುತು ಹಿಡಿದ್ಯಲ್ಲ."

ಅಣ್ಣ ನನ್ನ ಮುಖ ನೋಡಿದ.

"ನನ್ನ ಮಗಳನ್ನ ನಾನು ಗುರುತು ಹಿಡಿಯಲ್ವಾ?" ಎಂದ ಕೊನೆಗೆ.

"ಫೋಟೋ ತೆಗೆದ್ಯಾ?"

"ಎಲ್ಲಿ ತೆಗೀಲಿ ಮಗಳೇ. ಕೈ ಬೀಸ್ತಾ ಇದ್ನಲ್ಲ."

ಅವಳು ನಕ್ಕಳು, ಭಾನುವಾರ ಮನೆಗೆ ಬರುತ್ತೇನೆ ಎಂದಳು. ಫೋನಿಟ್ಟ ಮೇಲೆ ಅಣ್ಣ ಕ್ಯಾಮೆರಾ ಎತ್ತಿಕೊಂಡು ಆ ಖಾಲಿ ಡೆಕ್ಕನ್ನು ಬಹಳ ಹೊತ್ತು ನೋಡಿದ, ಆಮೇಲೆ ಅಳಿಸಿಹಾಕಿದ. ಡಾಕ್ಟರು ಫೋನು ಮಾಡಿ ನಿನಗಾದರೂ ಸಿಕ್ಕಿತೇನಯ್ಯ ಎಂದು ಕೇಳಿದಾಗ, "ಇಲ್ಲ ಡಾಕ್ಟ್ರೇ, ಇದೊಂದು ತಪ್ಪಿಹೋಯ್ತು," ಎಂದ. ಪಕ್ಕದಲ್ಲೇ ಕೂತಿದ್ದ ನಾನು ಎದ್ದು ಕ್ಯಾಮೆರಾ ಸ್ಟ್ಯಾಂಡು ಮಡಚಿಟ್ಟೆ.