ಮೂರನೇ ಕೂಗಿಗೆ ಕಾಯುವವನು

ದೇಜಪ್ಪನಂಥ ಪುಕ್ಕಲ ಬೇಟೆಗಾರ ಇಡೀ ಕತಾರಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಬೇಟೆಗಾರ ಎನ್ನುವುದೂ ಸ್ವಲ್ಪ ಹೆಚ್ಚಾಯಿತು. ಅಲ್ ರಯ್ಯಾನಿನ ಒಂದು ದೊಡ್ಡ ಮನೆಯಲ್ಲಿ ಅವನು ಅಡುಗೆಯವನು, ಡ್ರೈವರೂ ಅವನೇ. ಚಳಿಗಾಲ ಬಂತೆಂದರೆ ಮನೆಯ ಯಜಮಾನರು ಗಿಡುಗವನ್ನು ಮುಂಗೈ ಮೇಲೆ ಕೂರಿಸಿಕೊಂಡು ಮರುಭೂಮಿಗೆ ಹೊರಡುತ್ತಿದ್ದರು. ಮನೆಯ ಆಳುಗಳೆಲ್ಲ ಅವರನ್ನು ಬಾಬಾ ಎಂದೇ ಕರೆಯುವುದು, ಅವರ ಹೆಂಡತಿಯನ್ನು ಮಾಮಾ ಎಂದು. ಅವರ ಹಿಂದೆ ಚಹಾದ ಕೆಟಲು, ಬಿರಿಯಾನಿಯ ಪಾತ್ರೆ, ಇನ್ಸುಲಿನ್ನಿನ ಡಬ್ಬಿ ಹೊತ್ತುಕೊಂಡು ದೇಜಪ್ಪನೂ ಹೊರಡಬೇಕಿತ್ತು.

ಹೆದರಿಕೆ ಅವನ ಜೊತೆ ಹುಟ್ಟೂರು ಬಜಗೋಳಿಯಿಂದಲೇ ವಿಮಾನ ಹತ್ತಿ ಬಂದದ್ದು. ಅವನ ಅಪ್ಪ ದುಗ್ಗು ಆ ಕಡೆಯಲ್ಲಿ ಹೆಸರುವಾಸಿ ಹಂದಿ ಬೇಟೆಗಾರ. ಭೂಮಿತಾಯಿಗೆ ವಿಶ್ರಾಂತಿ ಎಂದು ಯಾರೂ ನೆಲ ಅಗೆಯದ ಕೆಡ್ಡಸದ ದಿನಗಳಲ್ಲಿ ಊರ ಗಂಡಸರು ಕಾಡಿಗೆ ನುಗ್ಗಿದರೆ ಮುಂದಾಳು ಅವನೇ. ಮಗನನ್ನು ಬೇಟೆಗಾರ ಮಾಡಲು ಹೊರಟ ದುಗ್ಗು, ಪಾಠ ಹೇಳಿ ಹೇಳಿ ಅವನನ್ನು ಹೆದರುಪುಕ್ಕಲ ಮಾಡಿಟ್ಟ. ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಮಾತ್ರ ಹಂದಿಯ ಹತ್ತಿರ ಹೋಗು, ಬೆನ್ನಿಗೆ ಬಡಿದರೆ ನಿನ್ನ ವಾಸನೆ ನಿನಗಿಂತ ಮೊದಲು ತಲುಪುತ್ತದೆ. ಮಳೆ ಬಂದ ಮಾರನೇ ದಿನ ಹೋಗು, ತರಗೆಲೆ ಸದ್ದು ಮಾಡುವುದಿಲ್ಲ. ಗಾಯವಾದ ಹಂದಿ ಪೊದೆ ಸೇರಿದರೆ ಕೂಡಲೇ ಹಿಂದೆ ಹೋಗಬೇಡ, ಅದು ನಿನಗಾಗಿಯೇ ಕಾಯುತ್ತಿರುತ್ತದೆ.

ಇಷ್ಟನ್ನೆಲ್ಲ ಹುಡುಗ ಹೇಗೋ ಅರಗಿಸಿಕೊಂಡ. ಅರಗದೆ ಉಳಿದದ್ದು ಕೊನೆಯ ಪಾಠ. ಬೇಟೆಯಲ್ಲಿದ್ದಾಗ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೇ ಕೂಗಿನವರೆಗೆ ಓಗೊಡಬಾರದು. ಬದುಕಿರುವ ಮನುಷ್ಯ ಮೂರು ಸಲ ಕರೆಯುತ್ತಾನೆ. ಕುಲೆ, ಅಂದರೆ ಸತ್ತವರ ಪ್ರೇತ, ಒಂದೇ ಸಲ ಕರೆಯುತ್ತದೆ. ಓಗೊಟ್ಟವನನ್ನು ತನ್ನ ಜೊತೆಗೇ ಕರೆದುಕೊಂಡು ಹೋಗುತ್ತದೆ.

ಬಾಬಾರ ಅಭ್ಯಾಸ ಇದಕ್ಕೆ ತದ್ವಿರುದ್ಧ. ಅವರು ಜೀವಮಾನದಲ್ಲಿ ಯಾರನ್ನೂ ಎರಡು ಸಲ ಕರೆದವರಲ್ಲ. ಅತಿಥಿಗಳನ್ನು ಕೂರಿಸುವ ಮಜ್ಲಿಸಿನಲ್ಲಿ ಕುಳಿತು "ದೇಜಪ್ಪ!" ಎಂದರೆ ಮುಗಿಯಿತು, ಅವನು ಎಲ್ಲಿದ್ದರೂ ಓಡಿ ಬರಬೇಕು. ಮನೆಯೊಳಗೆ ಇದರಿಂದ ಅವನಿಗೆ ತೊಂದರೆಯೇನೂ ಇರಲಿಲ್ಲ. ಟೈಲ್ಸ್ ಹಾಕಿದ ಮನೆಗೆ ಕುಲೆ ಬರುವುದಿಲ್ಲ ಎಂದು ಅವನೇ ಒಂದು ಕಾನೂನು ಮಾಡಿಕೊಂಡಿದ್ದ.

ಮರುಭೂಮಿಯ ಪಾಠಗಳನ್ನು ಅವನಿಗೆ ಹೇಳಿಕೊಟ್ಟವನು ಇರ್ಷಾದ್. ಗಿಡುಗ ನೋಡಿಕೊಳ್ಳುವ ಇವನು ಮೂಡುಬಿದಿರೆ ಕಡೆಯ ಬ್ಯಾರಿ. ಶಮಾಲ್ ಗಾಳಿ ಎದ್ದ ದಿನ ಗಿಡುಗದ ಕಣ್ಣಿನ ಟೋಪಿ ತೆಗೆಯಬೇಡ, ಹಾರಿದ ಹಕ್ಕಿಯನ್ನು ಗಾಳಿ ಎಲ್ಲಿಗೋ ಹೊತ್ತೊಯ್ಯುತ್ತದೆ. ಚಳಿಯ ಮುಂಜಾನೆ ಮೊಲ ಪೊದೆಯ ಬಿಸಿಲು ಬೀಳುವ ಮಗ್ಗುಲಲ್ಲಿರುತ್ತದೆ, ಹೊತ್ತೇರಿದರೆ ನೆರಳಿನ ಮಗ್ಗುಲಲ್ಲಿ. ಹುಬಾರಾ ಹಕ್ಕಿಯ ಮೇಲೆ ಹೊಟ್ಟೆ ತುಂಬಿದ ಗಿಡುಗವನ್ನು ಬಿಡಬೇಡ, ಅದು ಚುರುಕಾಗಿರುವುದಿಲ್ಲ. ಹುಬಾರಾ ತನ್ನ ಅಂಟು ಹಿಕ್ಕೆಯನ್ನು ಅದರ ರೆಕ್ಕೆಗೆ ಪಿಚಕ್ಕನೆ ಹಾರಿಸಿ ಪಾರಾಗಿಬಿಡುತ್ತದೆ. ಮಳೆ ಬಿದ್ದರೆ ಹೆಜ್ಜೆ ಗುರುತು ಚೆನ್ನಾಗಿ ಕಾಣುತ್ತದೆ, ಆದರೆ ಗಾಡಿ ಹೂತು ಹೋಗುತ್ತದೆ.

"ಮಂಜು ಬಂದ್ರೆ ಮಾತ್ರ ಖಲಾಸ್ ಮಾರಾಯ," ಎಂದಿದ್ದ ಇರ್ಷಾದ್. "ಹಕ್ಕಿಯನ್ನೂ ಬಿಡ್ಬಾರ್ದು, ಗಾಡಿಯನ್ನೂ ಬಿಡ್ಬಾರ್ದು. ಇಳಿದು ಸ್ವಲ್ಪ ಹೋದ್ರೆ ಗಾಡಿ ಎಲ್ಲಿ ಉಂಟು ಅಂತ ನಿಂಗೇ ಗೊತ್ತಾಗ್ಲಿಕ್ಕಿಲ್ಲ."

ಇದನ್ನು ಯಾರೂ ಎರಡನೇ ಸಲ ಹೇಳಬೇಕಿರಲಿಲ್ಲ. ಗಾಡಿಯೊಳಗೇ ಇರು ಎನ್ನುವ ಪಾಠ ದೇಜಪ್ಪನಿಗೆ ಹೇಳಿ ಮಾಡಿಸಿದಂತಿತ್ತು.

ಅದು ನಡೆದದ್ದು ಬೇಟೆಯ ಕಾಲ ಇನ್ನೇನು ಮುಗಿಯಬೇಕು ಎನ್ನುವಾಗ. ಪಶ್ಚಿಮದ ಬಯಲಿನಲ್ಲಿ ಬೆಳಗಿನ ನಮಾಜು ಮುಗಿಸಿದ ಬಾಬಾ ತೋಳು ಚಾಚಿದರು, ದೇಜಪ್ಪ ಇನ್ಸುಲಿನ್ ಚುಚ್ಚಿದ. ತಿಂಡಿ ಒಲೆಯ ಮೇಲಿತ್ತು. ಅಷ್ಟರಲ್ಲಿ ಒಂದು ಮೊಲ ಎದ್ದಿತು, ಗಿಡುಗ ಹಾರಿತು, ಗುರಿ ತಪ್ಪಿ ಎಲ್ಲಿಗೋ ಹೋಯಿತು. ಇರ್ಷಾದ್ ಸಿಗ್ನಲ್ ಹಿಡಿಯುವ ಯಂತ್ರ ತೆಗೆದುಕೊಂಡು ಇನ್ನೊಂದು ಗಾಡಿಯಲ್ಲಿ ಅದರ ಹಿಂದೆ ಓಡಿದ. ಬಾಬಾ ಮೊಲದ ಹೆಜ್ಜೆ ನೋಡುತ್ತ ಪೊದೆಗಳಿರುವ ತಗ್ಗಿನ ಕಡೆಗೆ ಇಳಿದರು. ಅವರ ಫೋನು ಗಾಡಿಯಲ್ಲೇ ಚಾರ್ಜಿಗಿತ್ತು.

"ಬಾಬಾ, ತಿಂಡಿ!" ಎಂದ ದೇಜಪ್ಪ.

"ಯಲ್ಲಾ, ಬಂದೆ," ಎಂದರು ಅವರು, ತಿರುಗಿ ನೋಡದೆ.

ಬಾಬಾ ಬರುವ ಮೊದಲು ಮಂಜು ಬಂತು. ಸಮುದ್ರದ ಕಡೆಯಿಂದ ಸದ್ದಿಲ್ಲದೆ ತೆವಳಿ ಬಂದು ಪೊದೆಗಳನ್ನು ನುಂಗಿತು, ಒಲೆಯನ್ನು ನುಂಗಿತು, ಕೊನೆಗೆ ಗಾಡಿಯ ಬಾನೆಟ್ಟೂ ಕಾಣಿಸದಾಯಿತು. ದೇಜಪ್ಪ ಒಳಗೆ ಕುಳಿತು ಬಾಗಿಲು ಲಾಕ್ ಮಾಡಿಕೊಂಡ. ಮಂಜಿಗೂ ಲಾಕಿಗೂ ಏನು ಸಂಬಂಧ ಎಂದು ಅವನನ್ನು ಕೇಳಬಾರದು. ಹಾರ್ನ್ ಒತ್ತಿದ, ಲೈಟು ಹಾಕಿದ. ಯಾರೂ ಬರಲಿಲ್ಲ. ಇರ್ಷಾದನಿಗೆ ಫೋನು ಮಾಡಿದ.

"ನಾನೂ ನಿಂತಲ್ಲೇ ಇದ್ದೇನೆ, ಎಂತದೂ ಕಾಣುದಿಲ್ಲ," ಎಂದ ಇರ್ಷಾದ್. "ಬಾಬಾ ತಿಂಡಿ ತಿಂದಿದ್ದಾರಾ?"

"ಇಲ್ಲ ಮಾರಾಯ. ಇಂಜೆಕ್ಷನ್ ಕೊಟ್ಟಾಗಿದೆ."

ಇನ್ಸುಲಿನ್ ಚುಚ್ಚಿಕೊಂಡು ಹೊಟ್ಟೆಗೆ ಏನೂ ಹಾಕದಿದ್ದರೆ ಸಕ್ಕರೆ ಇಳಿದು ಮನುಷ್ಯ ಕುಸಿದು ಬೀಳುತ್ತಾನೆ, ಆಮೇಲೆ ಏಳುವುದೇ ಇಲ್ಲ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು.

"ಹಾರ್ನ್ ಹೊಡೀತಾ ಇರು. ಇಳೀಬೇಡ ಆಯ್ತಾ? ನೀನೂ ಕಳೆದುಹೋದ್ರೆ ಯಾರನ್ನು ಅಂತ ಹುಡುಕುದು?" ಎಂದು ಇರ್ಷಾದ್ ಫೋನಿಟ್ಟ.

ದೇಜಪ್ಪ ಹಾರ್ನ್ ಹೊಡೆದ. ನಿಲ್ಲಿಸಿ, ಗಾಜು ಒಂದು ಬೆರಳಿನಷ್ಟು ಇಳಿಸಿ ಕಿವಿಗೊಟ್ಟ.

"ದೇಜಪ್ಪ!"

ಕೂಗು ಬಂದದ್ದು ಬೆನ್ನ ಹಿಂದಿನಿಂದ. ಬಾಬಾ ಇಳಿದು ಹೋದದ್ದು ಎದುರಿಗೆ. ಅವನ ಮೈಯ ಕೂದಲೆಲ್ಲ ನಿಮಿರಿತು. ದನಿ ಬಾಬಾರದ್ದೇ, ಆದರೆ ತೆಳ್ಳಗೆ, ಬಾವಿಯೊಳಗಿಂದ ಬಂದ ಹಾಗೆ. ನಾಲಗೆಯ ತುದಿಗೆ ಬಂದ ಓಗೊಡುವಿಕೆಯನ್ನು ಅವನು ನುಂಗಿಕೊಂಡ, ಗಾಜು ಏರಿಸಿದ. ಎರಡನೆಯದು ಬರಲಿ. ಮೂರನೆಯದು ಬರಲಿ. ಸ್ಟಿಯರಿಂಗ್ ಹಿಡಿದು ಕಣ್ಣುಮುಚ್ಚಿ ಊರಿನ ದೈವಗಳನ್ನೆಲ್ಲ ಹೆಸರು ಹಿಡಿದು ಕರೆದ. ಅವು ಯಾವುವೂ ವೀಸಾ ಮಾಡಿಸಿಕೊಂಡವಲ್ಲ.

ಎರಡನೇ ಕೂಗು ಬರಲಿಲ್ಲ.

ಹಾಗಾದರೆ ಅದು ಕುಲೆಯೇ, ಸಂಶಯವಿಲ್ಲ, ಎಂದು ಅವನ ಎದೆ ಹೊಡೆದುಕೊಂಡಿತು. ಕುಲೆ ಎಂದಾದರೆ ಬಾಬಾ ಸತ್ತರೇ? ಆಗ ಅವನಿಗೆ ಮೊದಲೇ ಹೊಳೆಯಬೇಕಿದ್ದ ವಿಷಯ ಹೊಳೆಯಿತು. ಬಾಬಾ ಎರಡು ಸಲ ಕರೆಯುವವರೇ ಅಲ್ಲ! ಅಪ್ಪನ ಮೂರನೇ ಕೂಗಿಗೆ ಕಾಯುತ್ತ ಕುಳಿತರೆ ಈ ಮುದುಕ ಮಂಜಿನಲ್ಲೇ ತಣ್ಣಗಾಗುತ್ತಾರೆ.

ಅವನು ಅಳುತ್ತಲೇ ಇಳಿದ. ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಗಿಡುಗಕ್ಕೆ ತರಬೇತಿ ಕೊಡುವ ಉದ್ದದ ದಾರದ ಒಂದು ತುದಿಯನ್ನು ಬಂಪರಿಗೆ ಕಟ್ಟಿದ, ಉರುಳೆಯನ್ನು ಮುಷ್ಟಿಯಲ್ಲಿ ಹಿಡಿದ, ಖರ್ಜೂರದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ದಾರ ಬಿಡುತ್ತ ಕೂಗು ಬಂದ ದಿಕ್ಕಿಗೆ ನಡೆದ. "ಬಾಬಾ!" ಎಂದ. ಉತ್ತರವಿಲ್ಲ. ಇನ್ನೂ ಜೋರಾಗಿ ಕರೆದ. ಹತ್ತಿರದಲ್ಲೇ ಏನೋ ಉಸಿರಾಡಿದ ಹಾಗಾಯಿತು, ಆದರೆ ಉತ್ತರವಿಲ್ಲ. ಓಗೊಡದ ಆ ಉಸಿರು ಕೂಗಿಗಿಂತ ಭಯಂಕರವಾಗಿತ್ತು. ದಾರವನ್ನು ಹಿಡಿದು ಹಿಂದಕ್ಕೆ ಓಡಿಬಿಡಬೇಕು ಎನ್ನಿಸಿತು.

ಹೆದರಿದಾಗ ದೇಜಪ್ಪ ವಟಗುಟ್ಟುವವನು. ಆಗಲೂ ಬಾಯಿಗೆ ಬಂದಂತೆ ಶುರುಮಾಡಿದ. "ತಿಂಡಿ ತಿಂದು ಹೋಗಿ ಅಂತ ಹೇಳಿದ್ದೆ. ಕೇಳಿದ್ರಾ? ಮಾಫಿ, ಇಲ್ವೇ ಇಲ್ಲ! ಈಗ ಮಾಮಾ ನನ್ನನ್ನು ಸುಮ್ಮನೆ ಬಿಡ್ತಾರಾ? ನಿನ್ನೆ ಕದ್ದು ಕುನಾಫ ಸಿಹಿ ತಿಂದದ್ದನ್ನು ನಾನು ಅವರಿಗೆ ಹೇಳಲಿಲ್ಲ. ಇನ್ನು ಹೇಳ್ತೇನೆ ನೋಡಿ!"

"ಹೇಳಿದರೆ ನಿನ್ನ ಕಾಲು ಮುರಿಯುತ್ತೇನೆ, ಕತ್ತೆ," ಎಂದಿತು ಮಂಜು.

ಪಾದ ಉಳುಕಿಸಿಕೊಂಡು ಬಾಬಾ ಒಂದು ಪೊದೆಯ ಬುಡದಲ್ಲಿ ಕುಳಿತಿದ್ದರು. ಮಂಜಿನಲ್ಲಿ ಗಾಡಿಯ ಸುತ್ತ ಅರ್ಧ ಬಳಸು ಹಾಕಿ ಬಂದಿದ್ದರು. ಮೈ ಬೆವರಿ ತಣ್ಣಗಾಗಿತ್ತು, ಕೈ ನಡುಗುತ್ತಿತ್ತು. ದೇಜಪ್ಪ ಒಂದೊಂದೇ ಖರ್ಜೂರ ಬಾಯಿಗಿಟ್ಟ. ಅವರ ಕಣ್ಣಿಗೆ ಸ್ವಲ್ಪ ಬೆಳಕು ಬಂದ ಮೇಲೆ ಕೇಳಿದ.

"ನಾನು ಕರೆದದ್ದು ಕೇಳಿಸಲಿಲ್ಲವಾ ಬಾಬಾ?"

"ಕೇಳಿಸಿತು. ಮಂಜಿನಲ್ಲಿ ಜಿನ್ ಅನ್ನುವ ಪಿಶಾಚಿ ಗುರುತಿನವರ ದನಿಯಲ್ಲೇ ಕರೆಯುತ್ತದೆ, ಓಗೊಡಬೇಡ ಅಂತ ನನ್ನ ಅಜ್ಜಿ ಹೇಳುತ್ತಿದ್ದಳು," ಎಂದರು ಬಾಬಾ. ಅವರ ಮುಖದಲ್ಲೂ ಹೆದರಿಕೆ ಇನ್ನೂ ಆರಿರಲಿಲ್ಲ. "ಕುನಾಫದ ವಿಷಯ ಜಿನ್‌ಗೆ ಗೊತ್ತಿರುವುದಿಲ್ಲ. ಅದಕ್ಕೇ ನೀನೇ ಅಂತ ತಿಳಿಯಿತು. ಮೊದಲು ನಾನು ಕರೆದಾಗ ನೀನೇಕೆ ಸುಮ್ಮನಿದ್ದೆ?"

ದೇಜಪ್ಪ ಅಪ್ಪನ ಪಾಠ ಹೇಳಿದ. ಬಾಬಾ ನಗಲಿಲ್ಲ. ಅಷ್ಟು ಹತ್ತಿರ ಇದ್ದೂ ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಬಾಯಿ ಮುಚ್ಚಿಕೊಂಡಿದ್ದುದನ್ನು ನೆನೆದು ತುಂಬ ಹೊತ್ತು ಅವನ ಕೈ ಹಿಡಿದುಕೊಂಡೇ ಇದ್ದರು.

ಆಮೇಲೆ ಮರುಭೂಮಿಗೆ ಹೋದಾಗಲೆಲ್ಲ ಬಾಬಾ ಅವನನ್ನು ಮೂರು ಸಲ ಕರೆಯುತ್ತಿದ್ದರು. ಚಹಾ ಬೇಕಾದರೂ ಸರಿ, "ದೇಜಪ್ಪ, ದೇಜಪ್ಪ, ದೇಜಪ್ಪ!" ಅತಿಥಿಗಳು ಈ ಮುದುಕನಿಗೆ ಅರಳುಮರಳು ಎಂದುಕೊಂಡರು. ಬಾಬಾ ಯಾರಿಗೂ ಕಾರಣ ಹೇಳಲಿಲ್ಲ. ಮನೆಯಲ್ಲಿ ಮಾತ್ರ ಎಂದಿನಂತೆ ಒಂದೇ ಸಲ.

ಕಳೆದ ಬೇಸಿಗೆಯಲ್ಲಿ ಬಾಬಾ ತೀರಿಕೊಂಡರು. ಗಿಡುಗ ಮಗನ ಕೈಗೆ ಬಂತು, ಕೆಟಲು ದೇಜಪ್ಪನ ಕೈಯಲ್ಲೇ ಉಳಿಯಿತು. ಈ ಚಳಿಗಾಲ ಅದೇ ಬಯಲಿನಲ್ಲಿ ಮತ್ತೆ ಮಂಜು ಕವಿಯಿತು. ಮಗನೂ ಇರ್ಷಾದನೂ ಇನ್ನೊಂದು ಗಾಡಿಯಲ್ಲಿ ಕ್ಷೇಮವಾಗಿದ್ದರು, ಫೋನು ಮಾಡಿ ತಿಳಿಸಿಯೂ ಆಗಿತ್ತು. ದೇಜಪ್ಪ ಎಂದಿನಂತೆ ಬಾಗಿಲು ಲಾಕ್ ಮಾಡಿಕೊಂಡು ಒಬ್ಬನೇ ಕುಳಿತಿದ್ದ.

"ದೇಜಪ್ಪ!"

ಒಂದೇ ಸಲ. ಬಾಬಾರದ್ದೇ ದನಿ, ಪೊದೆಗಳ ಕಡೆಯಿಂದ. ಅಪ್ಪನ ಮಾತು ಅಕ್ಷರ ಬಿಡದೆ ನೆನಪಾಯಿತು. ಓಗೊಟ್ಟರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಅವನು ಈಗಲೂ ಪೂರ್ತಿ ನಂಬಿದ್ದ. ಆದರೆ ಸುಮ್ಮನಿದ್ದರೆ ಕರೆದವರಿಗೆ ಏನಾಗುತ್ತದೆಂಬುದೂ ಗೊತ್ತಿತ್ತು. ಲಾಕ್ ತೆಗೆದು, ಖರ್ಜೂರದ ಡಬ್ಬಿ ಹಿಡಿದುಕೊಂಡು ಬಾಗಿಲು ತೆರೆದ.

"ಬಂದೆ ಬಾಬಾ," ಎಂದ.