ಸಾಹುಕಾರರ ಡೀಸೆಲ್

ಹಡಗಲಿ ಕಡೆಯ ಒಂದು ಠಾಣೆಯಲ್ಲಿ ನಾನು ಕಾನ್‌ಸ್ಟೇಬಲ್ ಆಗಿದ್ದೆ. ಅಲ್ಲಿದ್ದ ಒಬ್ಬಳೇ ಹೆಂಗಸು ನಾನು. ಅಷ್ಟೂ ಹಳ್ಳಿಗಳಿಗೆ ಒಂದೇ ಜೀಪು, ಅದಕ್ಕೆ ಸರಕಾರ ಕೊಡುತ್ತಿದ್ದ ಡೀಸೆಲ್ ಅರ್ಧ ತಿಂಗಳಿಗೇ ಮುಗಿಯುತ್ತಿತ್ತು. ಆಮೇಲೆ ಸಾಹುಕಾರರೊಬ್ಬರ ಬಂಕಿನಲ್ಲಿ ಬಿಟ್ಟಿ ತುಂಬಿಸಿಕೊಳ್ಳುತ್ತಿದ್ದೆವು. ಠಾಣೆಯ ಫ್ಯಾನು, ಕುರ್ಚಿಗಳೂ ಅವರೇ ಕೊಟ್ಟದ್ದು. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಕುರಿ ಕಾಯುವ ಹೆಂಗಸೊಬ್ಬಳು ಬಂದಳು. ಐವತ್ತು ದಾಟಿದವಳು, ಗಂಡನಿಲ್ಲ. ಗಂಡಸರನ್ನು ಕಂಡು ಬಾಗಿಲಲ್ಲೇ ನಿಂತು ನನ್ನನ್ನು ಸನ್ನೆ ಮಾಡಿ ಕರೆದಳು. ನಾನು ಹೊರಗೆ ಬಂದಾಗ ಸೆರಗು ಸರಿಸಿ ತೋಳು ತೋರಿಸಿದಳು. ಬಾತು ನೀಲಿಗಟ್ಟಿತ್ತು.

"ಮಗ ಬಡದಾನ, ತಂಗಿ. ಗಾಂಜಾಕ್ಕ ರೊಕ್ಕ ಕೊಡಲಿಲ್ಲಂತ. ಮದ್ಲು ಹಿಂಗಿದ್ದಿಲ್ಲ ಅವ."

"ಎಲ್ಲಿಂದ ತರ್ತಾನ?"

"ಸಾಹುಕಾರ್ರ ಹೊಲದಾಗ ಬೆಳದಾರ. ಸುತ್ತ ಮೆಕ್ಕಿಜೋಳ, ನಡುವ ಗಾಂಜಾ. ಕುರಿ ಹೊಕ್ಕಾಗ ಹೊಡಕಂಡು ಬರಾಕ ಹೋಗಿ ಕಣ್ಣಾರೆ ನೋಡೀನಿ. ನನ್ನ ಹೆಸರು ಮಾತ್ರ ಹೇಳಬ್ಯಾಡ."

"ಹೇಳಂಗಿಲ್ಲಕ್ಕಾ" ಎಂದೆ.

ಒಳಗೆ ಹೋಗಿ ಪಿಎಸ್‌ಐ ಸಾಹೇಬರಿಗೆ ಸುದ್ದಿ ಮುಟ್ಟಿಸಿದೆ. ಯಾರು ಹೇಳಿದರೆಂದು ಕೇಳಿದರು. ಮೂರನೇ ಸಲ ಕೇಳಿದಾಗ ಹೇಳಿಬಿಟ್ಟೆ. ತಿಂಗಳ ಕೊನೆ, ಜೀಪಿನಲ್ಲಿ ಡೀಸೆಲ್ ಇರಲಿಲ್ಲ. ಸಾಹೇಬರು ನನ್ನೆದುರಿಗೇ ಫೋನ್ ಹಚ್ಚಿದರು. "ಸಾಹುಕಾರ್ರ, ಒಂದು ಗಾಂಜಾ ರೇಡ್ ಐತ್ರಿ. ಟ್ಯಾಂಕ್ ತುಂಬಸ್ಬೇಕಿತ್ತು." ಆ ಕಡೆಯ ಮಾತಿಗೆ ನಕ್ಕು ಫೋನಿಟ್ಟರು. "ನಾಳಿ ತುಂಬಸ್ತಾರಂತ."

ಆಕೆಯ ಹೆಸರೂ ಸಾಹುಕಾರರಿಗೆ ಮುಟ್ಟುತ್ತದೆಂದು ನನಗೆ ಅರ್ಥವಾಯಿತು. ಆದರೂ ಆಕೆಯ ಮನೆಗೆ ಹೋಗಿ ಎಚ್ಚರಿಸಲಿಲ್ಲ. ನೌಕರಿಯ ಹೆದರಿಕೆ.

ಮರುದಿನ ಮಧ್ಯಾಹ್ನ ತುಂಬಿದ ಟ್ಯಾಂಕಿನ ಜೀಪು ಸಾಹುಕಾರರ ಹೊಲದ ಕಡೆ ತಿರುಗಲೇ ಇಲ್ಲ. ನೇರವಾಗಿ ಆಕೆಯ ಗುಡಿಸಲಿಗೆ ಹೋಯಿತು. ಹಿಂದಿನ ಕುರಿಹಟ್ಟಿಯ ಮೂಲೆಯಲ್ಲಿ ಗಾಂಜಾ ಗಿಡಗಳಿದ್ದವು. ಬುಡದ ಮಣ್ಣು ಇನ್ನೂ ಹಸಿ, ಎಲೆಗಳು ಆಗಲೇ ಬಾಡಿ ಜೋತಿದ್ದವು. ಮಗ ಬೇಲಿಗೆ ಆತು ನಿಂತಿದ್ದ.

"ಯಾರವಲೇ ಇವು?" ಸಾಹೇಬರು ಕೇಳಿದರು.

"ನಮ್ಮವ್ವನವ್ರಿ."

ಅಷ್ಟರಲ್ಲಿ ಆಕೆ ಕುರಿ ಹೊಡೆದುಕೊಂಡು ಬಂದಳು. ನನ್ನನ್ನು ನೋಡಿ ಮುಖ ಅರಳಿತು. "ಬಂದ್ಯಾ, ತಂಗಿ?" ಎಂದವಳು ಗಿಡಗಳನ್ನು ನೋಡಿದಳು, ಮಗನನ್ನು ನೋಡಿದಳು.

"ಏನ್ ಕೊಟ್ಟಾರಲೇ ನಿನಗ?" ಎಂದಳು.

ಹೆಂಗಸನ್ನು ಹೆಂಗಸೇ ಹಿಡಿಯಬೇಕು. ನಾನು ಹಿಡಿದದ್ದು ಆ ಬಾತ ತೋಳನ್ನೇ. ನೋವಿಗೆ ಮುಖ ಕಿವುಚಿದಳು. ಸಾಹೇಬರು ನೋಡುತ್ತಿದ್ದರು, ನಾನು ಹಿಡಿತ ಸಡಿಲಿಸಲಿಲ್ಲ.

"ಕುರಿ ಯಾರ್ ನೋಡ್ಕಂತಾರ್ರಿ?" ಎಂದು ಜೀಪು ಹತ್ತುವವರೆಗೂ ಕೇಳಿದಳು. ವಾರದೊಳಗೆ ಮಗ ಅಷ್ಟೂ ಕುರಿ ಮಾರಿದ.

ಆ ಕೇಸಿನಿಂದ ನಮ್ಮ ಠಾಣೆಗೆ ಹೆಸರು ಬಂತು. ಮಾದಕ ವಸ್ತು ತಡೆಯುವುದಕ್ಕೆಂದು ಅನುದಾನ ಸಿಕ್ಕಿತು. ಹೊಸ ಜೀಪು, ಅದಕ್ಕೆ ಬೇರೆಯೇ ಡೀಸೆಲ್. ಜೀಪಿನ ಮುಂದೆ ತೆಂಗಿನಕಾಯಿ ಒಡೆದವರು ಸಾಹುಕಾರರು. ಆರತಿ ತಟ್ಟೆ ನನ್ನ ಕೈಯಲ್ಲಿತ್ತು.

ಆಕೆ ಎರಡು ವರ್ಷ ಜೈಲಿನಲ್ಲಿದ್ದಳು. ಸಾಕ್ಷಿ ಹೇಳಲು ನಿಂತಾಗ ಅವಳ ವಕೀಲರು, "ಗಿಡದ ಬುಡದ ಮಣ್ಣು ಹಸಿ ಇತ್ತೇನು?" ಎಂದು ಕೇಳಿದರು. "ನೆನಪಿಲ್ಲ" ಎಂದೆ. ಕಾಗದಪತ್ರದ ತಪ್ಪಿನಿಂದ ಕೇಸು ಬಿದ್ದುಹೋಯಿತು, ನನ್ನಿಂದಲ್ಲ.

ಆಮೇಲೆ ನನಗೆ ಹರಪನಹಳ್ಳಿಗೆ ವರ್ಗವಾಯಿತು. ಒಂದು ದಿನ ಮೆಕ್ಕೆಜೋಳದ ಮಾರುಕಟ್ಟೆಯಲ್ಲಿ, ಲಾರಿಯ ಕೆಳಗೆ ಚೆಲ್ಲಿದ ಕಾಳು ಗುಡಿಸುತ್ತಿದ್ದ ಆಕೆಯನ್ನು ಕಂಡೆ. ಯೂನಿಫಾರ್ಮಿನಲ್ಲೇ ಹತ್ತಿರ ಹೋಗಿ "ಅಕ್ಕಾ" ಎಂದೆ.

ಆಕೆ ನೋಡಿದಳು. ಸಿಟ್ಟು ಮಾಡಲಿಲ್ಲ. ಕಸಬರಿಗೆ ಕೆಳಗಿಟ್ಟು ಎದ್ದು ನಿಂತಳು.

"ಬರ್ತೀನ್ರಿ, ಮೇಡಂ. ಇದೊಂದಿಷ್ಟು ಕಾಳು ಚೀಲಕ್ಕ ತುಂಬಿ ಬರ್ತೀನ್ರಿ."

ಹಿಡಿದೊಯ್ಯಲು ಬಂದಿಲ್ಲವೆಂದು ಎರಡು ಸಲ ಹೇಳಿದೆ. ಆಕೆ ನಂಬಲಿಲ್ಲ. ಕಾಳು ತುಂಬಿ, ಚೀಲದ ಬಾಯಿ ಕಟ್ಟಿ ಪಕ್ಕದವಳಿಗೆ ಕೊಟ್ಟು, ನನ್ನ ಹಿಂದೆ ಬಂದು ನಿಂತಳು.